ಪಾಲಿಮರ್ ಜೆಲ್‌ನಲ್ಲಿ ವಿಕಿರಣದ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಿರಣ ಚಿಕಿತ್ಸಾ ವಿಭಾಗದ ನನ್ನ ಮೇಜಿನ ಮೇಲೆ ಒಂದು ಗಾಜಿನ ಜಾಡಿ ಇದೆ. ಅದರೊಳಗೆ ತಿಳಿಯಾದ ಜೆಲ್ಲಿ. ಜೆಲ್ಲಿಯ ನಡುವೆ ಹಾಲಿನ ಬಣ್ಣದ, ಗೋಡಂಬಿಯಂತೆ ಬಾಗಿದ ಒಂದು ಗಡ್ಡೆ. ಕೋಣೆಗೆ ಬಂದ ವಿದ್ಯಾರ್ಥಿಗಳು, ನರ್ಸ್‌ಗಳು, ಒಮ್ಮೊಮ್ಮೆ ರೋಗಿಗಳ ಮನೆಯವರು ಮೊದಲು ಕೇಳುವುದು ಅದರ ಬಗ್ಗೆಯೇ. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಕೆಲವು ಉತ್ತರಗಳು ಉದ್ದವಾಗಿವೆ. ಆ ಪ್ರಶ್ನೆಗಳು ನನ್ನ ರಾತ್ರಿಗಳನ್ನು ತಿಂದಿವೆ, ಅದಕ್ಕೇ.

ಆ ಬಿಳಿ ಗಡ್ಡೆ ಏನು?

ವಿಕಿರಣ ಬಿದ್ದ ಜಾಗ. ಜಾಡಿಯಲ್ಲಿರುವುದರಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಬರೀ ನೀರು. ಉಳಿದದ್ದು ಜೆಲಾಟಿನ್ ಮತ್ತು ಮೊನೊಮರ್ ಎಂಬ ಪುಟ್ಟ ಅಣುಗಳು. ವಿಕಿರಣ ತಗುಲಿದ ಕಡೆ ಈ ಅಣುಗಳು ಒಂದಕ್ಕೊಂದು ಬೆಸೆದು ಪಾಲಿಮರ್ ಆಗುತ್ತವೆ. ಎಲ್ಲಿ ಹೆಚ್ಚು ಡೋಸ್ ಬಿತ್ತೋ ಅಲ್ಲಿ ಹೆಚ್ಚು ಪಾಲಿಮರ್, ಹೆಚ್ಚು ಬಿಳುಪು. ಗಿಣ್ಣುಹಾಲನ್ನು ಹಬೆಯಲ್ಲಿಟ್ಟಾಗ ಕಾವು ತಾಕಿದ ಅಂಚಿನಿಂದ ಗಟ್ಟಿಯಾಗುತ್ತಾ ಬರುವುದನ್ನು ನೋಡಿದ್ದೀರಲ್ಲ, ನೋಟಕ್ಕೆ ಹಾಗೆಯೇ. ಆದರೆ ಇಲ್ಲಿ ಗಟ್ಟಿ ಮಾಡುವುದು ಶಾಖವಲ್ಲ. ಒಂದು ಗ್ರೇ ಡೋಸ್ ಎಂದರೆ ಒಂದು ಕಿಲೋಗ್ರಾಂಗೆ ಒಂದು ಜೌಲ್ ಶಕ್ತಿ. ಅಷ್ಟು ಶಕ್ತಿಯಿಂದ ನೀರು ಬಿಸಿಯಾಗುವುದು ಸುಮಾರು 0.00024 ಡಿಗ್ರಿ ಸೆಲ್ಸಿಯಸ್. ಚರ್ಮಕ್ಕೂ ತಿಳಿಯದ ಇಷ್ಟು ಶಕ್ತಿ ಜೆಲ್‌ನಲ್ಲಿ ಅಳೆಯಬಹುದಾದ ಗುರುತು ಬಿಟ್ಟುಹೋಗುತ್ತದೆ.

ಗಡ್ಡೆ ಬಾಗಿರುವುದು ಬೇಕೆಂದೇ. ಆ ಬಾಗಿನ ಒಳಗಡೆ ಇರುವ ತಿಳಿಯಾದ ಜಾಗ ಬೆನ್ನುಹುರಿಯದು. ರೋಗಿಯ ಗಂತಿಗೆ (ಟ್ಯೂಮರ್‌ಗೆ) ಡೋಸ್ ಬೀಳಬೇಕು, ಅದನ್ನು ಒತ್ತಿಕೊಂಡೇ ಇರುವ ಬೆನ್ನುಹುರಿ ಉಳಿಯಬೇಕು. ಜಾಡಿ ತೋರಿಸುತ್ತಿರುವುದು ಅದನ್ನೇ.

ಇದನ್ನು ರೋಗಿಗೆ ಹಚ್ಚುತ್ತಾರೆಯೇ, ಚುಚ್ಚುತ್ತಾರೆಯೇ?

ಎರಡೂ ಇಲ್ಲ. ಅಲ್ಟ್ರಾಸೌಂಡ್ ಮಾಡುವಾಗ ಹೊಟ್ಟೆಗೆ ಹಚ್ಚುವ ಜೆಲ್‌ಗೂ ಇದಕ್ಕೂ ನಂಟಿಲ್ಲ. ಇದು ರೋಗಿಯ ಬದಲಿಗೆ ಯಂತ್ರದ ಮಂಚದ ಮೇಲೆ ಕೂರುವ ವಸ್ತು. ಇಂಥ ಬದಲಿ ದೇಹಕ್ಕೆ ನಮ್ಮಲ್ಲಿ ಫ್ಯಾಂಟಮ್ ಎನ್ನುತ್ತಾರೆ.

ಅಳೆಯಲು ಅಯಾನ್ ಚೇಂಬರ್ ಇದೆ, ಫಿಲ್ಮ್ ಇದೆ. ಈ ಜೆಲ್ಲಿಯ ಗೊಡವೆ ಏಕೆ?

ಅಯಾನ್ ಚೇಂಬರ್, ಅಂದರೆ ಡೋಸ್ ಅಳೆಯುವ ಪುಟ್ಟ ಗಾಳಿಗೂಡು, ನಮ್ಮ ಕೆಲಸದ ಬೆನ್ನೆಲುಬು. ಅದನ್ನು ಕೆಳಗಿಳಿಸುವ ಉದ್ದೇಶ ಯಾರಿಗೂ ಇಲ್ಲ. ಆದರೆ ಅದು ಅಳೆಯುವುದು ಒಂದು ಬಿಂದುವಿನಲ್ಲಿ. ಆಗುಂಬೆಯ ಘಟ್ಟದಲ್ಲಿ ಸುರಿದ ಮಳೆ ತೀರ್ಥಹಳ್ಳಿ ಪೇಟೆಯ ಮಳೆಮಾಪಕಕ್ಕೆ ತಿಳಿಯುವುದಿಲ್ಲ. ಎರಡೂ ಒಂದೇ ತಾಲ್ಲೂಕು ಎಂಬುದು ನಿಜವಾದರೂ ಸರಿಯೇ. ಫಿಲ್ಮ್ ಒಂದು ಸಮತಲವನ್ನು ತೋರಿಸುತ್ತದೆ, ಅದೂ ಬಹಳ ಸೂಕ್ಷ್ಮವಾಗಿ. ಡಯೋಡ್‌ಗಳನ್ನು ಸಾಲಾಗಿ ಜೋಡಿಸಿದ ಉಪಕರಣಗಳು ಡಯೋಡ್ ಇರುವ ಕಡೆ ಅಳೆದು, ಇಲ್ಲದ ಕಡೆ ಲೆಕ್ಕ ಹಾಕಿ ತುಂಬುತ್ತವೆ.

ಚೌಕಾಕಾರದ ಕಿರಣವನ್ನು ಎರಡು ಬದಿಯಿಂದ ಹಾಯಿಸುತ್ತಿದ್ದ ಕಾಲಕ್ಕೆ ಇಷ್ಟು ಸಾಕಾಗಿತ್ತು. ಈಗ ಕಿರಣದ ತೀವ್ರತೆಯನ್ನು ತುಂಡುತುಂಡಾಗಿ ಬದಲಿಸುವ ಐಎಂಆರ್‌ಟಿ ಬಂದಿದೆ. ಯಂತ್ರ ರೋಗಿಯ ಸುತ್ತ ತಿರುಗುತ್ತಲೇ ಚಿಕಿತ್ಸೆ ಕೊಡುವ ವಿಮ್ಯಾಟ್ ಬಂದಿದೆ. ಯಂತ್ರದ ಬಾಯಲ್ಲಿರುವ ಲೋಹದ ಪಟ್ಟಿಗಳು, ನಾವು ಎಲೆಗಳು ಎನ್ನುವವು, ಚಿಕಿತ್ಸೆಯುದ್ದಕ್ಕೂ ಓಡಾಡುತ್ತಿರುತ್ತವೆ. ಪರಿಣಾಮವಾಗಿ ಕೆಲವೇ ಮಿಲಿಮೀಟರ್ ಅಂತರದಲ್ಲಿ ಡೋಸ್ ಕಡಿದಾಗಿ ಇಳಿಯುತ್ತದೆ, ಅದೂ ಎಲ್ಲ ದಿಕ್ಕಿಗೂ ಬೇರೆ ಬೇರೆ ಬಗೆಯಲ್ಲಿ. ಇಂಥದ್ದರ ಪೂರ್ತಿ ಆಕಾರವನ್ನು ಅಳೆಯಬೇಕೆಂದರೆ ಅಳೆಯುವ ವಸ್ತು ಎಲ್ಲ ಕಡೆಯೂ ಇರಬೇಕು. ಜೆಲ್ ಹಾಗಿರುತ್ತದೆ. ಅದರ ಸಾಂದ್ರತೆ, ಪರಮಾಣುಗಳ ಪಾಕ ಎರಡೂ ನೀರಿಗೆ, ಅಂದರೆ ನಮ್ಮ ಸ್ನಾಯುವಿಗೆ, ತೀರ ಹತ್ತಿರ. ದೇಹದಂತೆ ಕಿರಣವನ್ನು ಚದುರಿಸುವುದೂ ಅದೇ, ಬಿದ್ದ ಡೋಸನ್ನು ಬರೆದಿಡುವುದೂ ಅದೇ.

ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನ್ಯೂಯಾರ್ಕ್‌ನ ಆಸ್ಪತ್ರೆಯೊಂದರಲ್ಲಿ 2005ರಲ್ಲಿ ಚಿಕಿತ್ಸಾ ಯೋಜನೆಯನ್ನು ಕಂಪ್ಯೂಟರಿನಲ್ಲಿ ಸೇವ್ ಮಾಡುವಾಗ ಅದು ಕೈಕೊಟ್ಟು, ಎಲೆಗಳ ಮಾಹಿತಿ ಕಳೆದುಹೋಯಿತು. ಎಲೆಗಳು ಪೂರ್ತಿ ತೆರೆದೇ ಇದ್ದವು; ರೋಗಿಯೊಬ್ಬರ ಮೇಲೆ ಮೂರು ಬಾರಿ ವಿಪರೀತ ಡೋಸ್ ಬಿತ್ತು. ಜೆಲ್ ಪರವಾಗಿ ಮಾತನಾಡುವವರು ಈ ಕಥೆಯನ್ನು ಎಳೆದು ತರುವುದುಂಟು. ಅದು ಸರಿಯಲ್ಲ. ಆ ತಪ್ಪನ್ನು ಒಂದು ಅಯಾನ್ ಚೇಂಬರ್ ಒಂದು ನಿಮಿಷದಲ್ಲಿ ಹಿಡಿಯುತ್ತಿತ್ತು. ಚಿಕಿತ್ಸೆಗೆ ಮೊದಲು ಅಳೆದಿರಲಿಲ್ಲ. ಜೆಲ್ ಬೇಕಾಗುವುದು ಬೇರೆ ಜಾತಿಯ ತಪ್ಪುಗಳಿಗೆ. ಒಟ್ಟು ಡೋಸ್ ಸರಿಯಿದ್ದು ಆಕಾರ ಎರಡು ಮಿಲಿಮೀಟರ್ ಪಕ್ಕಕ್ಕೆ ಜರುಗಿದ್ದರೆ, ಆ ತಪ್ಪು ಬಿಂದುವಿಗೆ ಕಾಣಿಸದು.

ವಿಕಿರಣ ಬಿದ್ದಾಗ ಒಳಗೆ ನಡೆಯುವುದೇನು?

ವಿಕಿರಣ ಮೊದಲು ಒಡೆಯುವುದು ನೀರನ್ನು. ನೀರಿನ ಅಣು ಸೀಳಿ ಹೈಡ್ರಾಕ್ಸಿಲ್ ಮುಂತಾದ ರಾಡಿಕಲ್‌ಗಳು ಹುಟ್ಟುತ್ತವೆ. ಇವು ಜೋಡಿ ತಪ್ಪಿದ ಎಲೆಕ್ಟ್ರಾನ್ ಇಟ್ಟುಕೊಂಡು, ಸಿಕ್ಕವರ ಕೈ ಹಿಡಿಯಲು ಹವಣಿಸುವ ತುಣುಕುಗಳು. ಹತ್ತಿರದ ಮೊನೊಮರ್‌ನ ದ್ವಿಬಂಧವನ್ನು ಬಿಡಿಸಿ ಅದಕ್ಕೆ ಅಂಟಿಕೊಳ್ಳುತ್ತವೆ. ಈಗ ಆ ಮೊನೊಮರ್‌ಗೇ ಜೋಡಿ ಬೇಕು. ಅದು ಮುಂದಿನದನ್ನು ಹಿಡಿಯುತ್ತದೆ, ಅದು ಅದರ ಮುಂದಿನದನ್ನು. ಒಂದು ರಾಡಿಕಲ್‌ನಿಂದ ಹೊರಟ ಸಾಲು ಹೀಗೆ ಬೆಳೆಯುತ್ತಾ ಹೋಗುವುದರಿಂದಲೇ ಅತಿ ಸಣ್ಣ ಶಕ್ತಿ ದೊಡ್ಡ ಗುರುತಾಗುವುದು.

ಹಳೆಯ ಜೆಲ್‌ಗಳಲ್ಲಿ ಎರಡು ಬಗೆಯ ಮೊನೊಮರ್ ಇರುತ್ತವೆ. ಅಕ್ರಿಲಮೈಡ್ ಸಾಲು ಕಟ್ಟುತ್ತದೆ. ಬಿಸ್ ಎಂದು ನಾವು ಕರೆಯುವ ಮಿಥಿಲೀನ್ ಬಿಸ್‌ಅಕ್ರಿಲಮೈಡ್‌ಗೆ ಎರಡು ತುದಿಯಲ್ಲೂ ಕೊಕ್ಕೆ. ಅದು ಒಂದು ಸಾಲನ್ನು ಇನ್ನೊಂದು ಸಾಲಿಗೆ ಕಟ್ಟಿ ಗಂಟು ಹಾಕುತ್ತದೆ. ಹೀಗಾದ ಗಂಟುಗಳು ನೀರಿನಲ್ಲಿ ಕರಗದೆ ಸೂಕ್ಷ್ಮ ಕಣಗಳಾಗಿ ನಿಲ್ಲುತ್ತವೆ, ಬೆಳಕನ್ನು ಚದುರಿಸುತ್ತವೆ. ಬಿಳುಪು ಕಾಣುವುದು ಅದರಿಂದ. ಜೆಲಾಟಿನ್‌ನ ಕೆಲಸ ಅಲುಗಾಡದಂತೆ ಹಿಡಿದಿಡುವುದು. ಅದಿಲ್ಲದಿದ್ದರೆ ಕಣಗಳೆಲ್ಲ ತಳಕ್ಕಿಳಿದು, ಎಲ್ಲಿ ಹುಟ್ಟಿದವು ಎಂಬ ಸುದ್ದಿಯೇ ಅಳಿಸಿಹೋಗುತ್ತದೆ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರ ಹೆಸರು ಹೇಳಿ ಮುಗಿಸುವಂತಿಲ್ಲ. ಜೆಲ್‌ಗೆ ಬಣ್ಣ ಬೆರೆಸಿ ವಿಕಿರಣ ಹಾಯಿಸಿ ನೋಡಿದ ಡೇ ಮತ್ತು ಸ್ಟೈನ್ ಅವರ ಕೆಲಸ 1950ರದು. ಅದಕ್ಕೂ ಹಿಂದೆ, 1927ರಲ್ಲಿ, ಹ್ಯೂಗೋ ಫ್ರಿಕ್ ಮತ್ತು ಮೋರ್ಸ್ ಕಬ್ಬಿಣದ ಲವಣದ ದ್ರಾವಣದಿಂದ ಡೋಸ್ ಅಳೆಯುವ ದಾರಿ ತೋರಿಸಿದ್ದರು. ವಿಕಿರಣ ಬಿದ್ದಾಗ ಫೆರಸ್ ಅಯಾನು ಫೆರಿಕ್ ಆಗುತ್ತದೆ. ಈ ಬದಲಾವಣೆ ಕಾಂತೀಯ ಅನುರಣನಕ್ಕೆ, ಅಂದರೆ ಎಂಆರ್‌ಐಗೆ, ಗೋಚರಿಸುತ್ತದೆ ಎಂದು ಜಾನ್ ಗೋರ್ ಮತ್ತು ಸಂಗಡಿಗರು 1984ರಲ್ಲಿ ತೋರಿಸಿದಾಗ ಮೂರು ಆಯಾಮದ ಅಳತೆಯ ಬಾಗಿಲು ತೆರೆಯಿತು. ತೊಡಕೂ ಅಲ್ಲೇ ಇತ್ತು. ಫೆರಿಕ್ ಅಯಾನುಗಳು ಜೆಲ್‌ನೊಳಗೆ ಒಂದೆಡೆ ನಿಲ್ಲುವುದಿಲ್ಲ. ಕೆಲವೇ ಗಂಟೆಗಳಲ್ಲಿ ಚಿತ್ರದ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯಂತೆ ಹರಡುತ್ತದೆ.

ಹರಡದ ಗುರುತು ಬೇಕಿತ್ತು. ಪಾಲಿಮರ್ ಸಿಕ್ಕಿತು. ಯೇಲ್ ವಿಶ್ವವಿದ್ಯಾಲಯದ ಮಾರೆಕ್ ಮರ್ಯಾನ್‌ಸ್ಕಿ, ಗೋರ್ ಮತ್ತು ಸಹೋದ್ಯೋಗಿಗಳು 1993ರಲ್ಲಿ ಅದನ್ನು ಪ್ರಕಟಿಸಿದರು. ಬಿಸ್, ಅಕ್ರಿಲಮೈಡ್, ನೈಟ್ರಸ್ ಆಕ್ಸೈಡ್, ಅಗರೋಸ್ ಇವುಗಳ ಮೊದಲಕ್ಷರಗಳನ್ನು ಪೋಣಿಸಿ ಆ ಜೆಲ್‌ಗೆ ಬನಾನಾ ಎಂದು ಹೆಸರಿಟ್ಟರು. ಮರುವರ್ಷ ಅಗರೋಸ್ ಹೋಗಿ ಜೆಲಾಟಿನ್, ನೈಟ್ರಸ್ ಆಕ್ಸೈಡ್ ಹೋಗಿ ನೈಟ್ರೋಜನ್ ಬಂದು ಅದು ಬ್ಯಾಂಗ್ ಆಯಿತು. ಅಗರೋಸ್ ಕಡಲಪಾಚಿಯದು, ಜೆಲಾಟಿನ್ ಪ್ರಾಣಿಗಳ ಚರ್ಮ ಮೂಳೆಯದು. ಹಾಗಾಗಿ ಜೆಲ್ ಶಾಸ್ತ್ರ ಸಸ್ಯಾಹಾರದಿಂದ ಮಾಂಸಾಹಾರಕ್ಕೆ ಹೊರಳಿದ್ದು 1994ರಲ್ಲಿ ಎಂದು ನಮ್ಮಲ್ಲಿ ತಮಾಷೆ ಮಾಡುತ್ತೇವೆ. ಮುಂದೆ ಬಂದ ಮ್ಯಾಜಿಕ್, ಪಾಜಾಟ್, ನೈಪಾಮ್ ಎಲ್ಲವೂ ಇದೇ ಮನೆತನದವು.

ಎಲ್ಲರೂ ಆಮ್ಲಜನಕವನ್ನು ಬೈಯುವುದೇಕೆ?

ಆಮ್ಲಜನಕದ ಅಣುವಿಗೆ ರಾಡಿಕಲ್ ಎಂದರೆ ಪ್ರಾಣ. ಮೊನೊಮರ್ ಕೈ ಹಿಡಿಯುವ ಮೊದಲೇ ಅದು ಹೋಗಿ ಹಿಡಿದುಬಿಡುತ್ತದೆ. ಅಲ್ಲಿಗೆ ಸಾಲು ಕಟ್ಟುವುದು ನಿಂತಂತೆ. ಜೆಲ್‌ನಲ್ಲಿ ಸ್ವಲ್ಪ ಗಾಳಿ ಕರಗಿದ್ದರೂ ಮೊದಲ ಕೆಲವು ಗ್ರೇಗಳು ಲೆಕ್ಕಕ್ಕೇ ಬರುವುದಿಲ್ಲ. ಬ್ಯಾಂಗ್ ಕಾಲದವರು ನೈಟ್ರೋಜನ್ ತುಂಬಿದ ಪೆಟ್ಟಿಗೆಯೊಳಗೆ ಉದ್ದ ಕೈಗವಸು ತೂರಿಸಿ, ದ್ರಾವಣದಲ್ಲಿ ಗಂಟೆಗಟ್ಟಲೆ ನೈಟ್ರೋಜನ್ ಗುಳ್ಳೆ ಬಿಡುತ್ತಾ ಜೆಲ್ ಮಾಡುತ್ತಿದ್ದರು. ಎಷ್ಟೋ ಆಸ್ಪತ್ರೆಗಳು ಈ ತಂಟೆಯೇ ಬೇಡವೆಂದು ದೂರ ಉಳಿದವು.

ಬಿಡುಗಡೆ ಬಂದದ್ದು 2001ರಲ್ಲಿ. ಫಾಂಗ್ ಮತ್ತು ಸಂಗಡಿಗರು ಮಿಥಾಕ್ರಿಲಿಕ್ ಆಮ್ಲದ ಜೆಲ್‌ಗೆ ಆಸ್ಕಾರ್ಬಿಕ್ ಆಮ್ಲವನ್ನೂ ತುಸು ತಾಮ್ರದ ಸಲ್ಫೇಟನ್ನೂ ಸೇರಿಸಿದರು. ಆಸ್ಕಾರ್ಬಿಕ್ ಆಮ್ಲ ಎಂದರೆ ನೆಲ್ಲಿಕಾಯಿಯಲ್ಲಿರುವ ವಿಟಮಿನ್ ಸಿ. ಇವೆರಡೂ ಸೇರಿ ಕರಗಿದ ಆಮ್ಲಜನಕವನ್ನು ನುಂಗಿಹಾಕುತ್ತವೆ. ತೆರೆದ ಮೇಜಿನ ಮೇಲೆ ಮಾಡಬಹುದಾದ ಮೊದಲ ಪಾಲಿಮರ್ ಜೆಲ್ ಅದು, ಹೆಸರು ಮ್ಯಾಜಿಕ್. ಆಮೇಲೆ ಟಿಎಚ್‌ಪಿಸಿ ಎಂಬ ರಂಜಕದ ಸಂಯುಕ್ತ ಬಂತು. ಬಟ್ಟೆಗೆ ಬೆಂಕಿ ಹತ್ತದಂತೆ ಮಾಡುವ ಉದ್ಯಮದಲ್ಲಿ ಬಳಸುವ ರಾಸಾಯನಿಕ ಅದು. ಆಮ್ಲಜನಕ ನುಂಗುವುದರಲ್ಲಿ ಆಸ್ಕಾರ್ಬಿಕ್ ಆಮ್ಲಕ್ಕಿಂತ ಬಹಳ ಚುರುಕು. ಈಗ ಹೆಚ್ಚಿನವರು ಬಳಸುವುದು ಅದನ್ನೇ.

ಆಮ್ಲಜನಕವನ್ನು ಜೆಲ್‌ನಿಂದ ಓಡಿಸಿದರೆ ಸಾಲದು, ಮತ್ತೆ ಒಳಗೆ ಬರದಂತೆಯೂ ನೋಡಿಕೊಳ್ಳಬೇಕು. ಈ ಪಾಠವನ್ನು ನಾನು ದುಬಾರಿಯಾಗಿ ಕಲಿತೆ. ಒಮ್ಮೆ ನಮ್ಮ ಜೆಲ್‌ನ ಮೇಲಿನ ಎರಡು ಸೆಂಟಿಮೀಟರ್‌ನಲ್ಲಿ ಡೋಸ್ ಶೇ 20ರಷ್ಟು ಕಡಿಮೆ ತೋರಿತು. ಯಂತ್ರದ ಮೇಲೆಯೇ ಅನುಮಾನಪಟ್ಟು ಎರಡು ಸಂಜೆ ಎಲೆಗಳನ್ನೂ ಕಿರಣದ ಸಮತೆಯನ್ನೂ ಪರೀಕ್ಷಿಸಿದೆವು. ಎಲ್ಲವೂ ಸರಿಯಿತ್ತು. ಕೊನೆಗೆ ನಮ್ಮ ಪ್ರಯೋಗಾಲಯದ ಸಹಾಯಕರು ಬಾಟಲಿಯನ್ನು ಬೆಳಕಿಗೆ ಹಿಡಿದು, "ಸಾರ್, ಮುಚ್ಚಳದ ರಬ್ಬರ್ ಹಾಕಿಯೇ ಇಲ್ಲವಲ್ಲ" ಎಂದರು. ಸಾಧಾರಣ ಪ್ಲಾಸ್ಟಿಕ್ಕಿನ ಮೂಲಕವೂ ಆಮ್ಲಜನಕ ಮೆಲ್ಲಗೆ ಒಳನುಸುಳುತ್ತದೆ. ಗಾಜು, ಇಲ್ಲವೇ ಗಾಳಿ ನುಸುಳದ ವಿಶೇಷ ಪ್ಲಾಸ್ಟಿಕ್ ಬೇಕು.

ಜೆಲ್ ಮಾಡುವುದು ಹೇಗೆ?

ಪಾಜಾಟ್ ಜೆಲ್‌ನ 2005ರಲ್ಲಿ ಪ್ರಕಟವಾದ ಪಾಕದ ಪ್ರಕಾರ, ಒಂದು ಕಿಲೋಗ್ರಾಂಗೆ ನೀರು 860 ಗ್ರಾಂ, ಜೆಲಾಟಿನ್ 50, ಅಕ್ರಿಲಮೈಡ್ 45, ಬಿಸ್ 45. ಟಿಎಚ್‌ಪಿಸಿ ಲೀಟರಿಗೆ 5 ಮಿಲಿಮೋಲ್. ಪಾಲಿಮರ್ ತಾನಾಗಿಯೇ ಶುರುವಾಗದಂತೆ ತಡೆಯಲು ಚಿಟಿಕೆಗಿಂತ ಕಡಿಮೆ ಹೈಡ್ರೋಕ್ವಿನೋನ್. ಜೆಲಾಟಿನ್ ಅನ್ನು ತಣ್ಣೀರಲ್ಲಿ ನೆನೆಯಲು ಬಿಡಬೇಕು. ಅವಸರಪಟ್ಟು ಬಿಸಿನೀರಿಗೆ ಸುರಿದರೆ ರವೆ ಗಂಟುಕಟ್ಟಿದ ಉಪ್ಪಿಟ್ಟಿನ ಗತಿಯಾಗುತ್ತದೆ. ನೆಂದ ಮೇಲೆ ಸುಮಾರು 50 ಡಿಗ್ರಿಗೆ ಕಾಯಿಸಿ ಕಲಕುತ್ತಾ ಬಿಸ್ ಹಾಕಬೇಕು. ಅದು ಕರಗಲು ತಕರಾರು ಮಾಡುತ್ತದೆ, ಕಾಯಬೇಕು. ಅಕ್ರಿಲಮೈಡ್ ಕೂಡಲೇ ಕರಗುತ್ತದೆ. 35 ಡಿಗ್ರಿಯ ಹತ್ತಿರಕ್ಕೆ ತಣಿದ ಮೇಲೆ ಟಿಎಚ್‌ಪಿಸಿ. ಅದು ಜೆಲಾಟಿನ್ ಜೊತೆಗೂ ಬೆಸೆದುಕೊಳ್ಳುವುದರಿಂದ ಹಾಕಿದ ಮೇಲೆ ತಡಮಾಡದೆ ಪಾತ್ರೆಗಳಿಗೆ ಸುರಿದು, ಗುಳ್ಳೆ ಉಳಿಯದಂತೆ ಮುಚ್ಚಿ, ಬೆಳಕು ತಾಗದಂತೆ ಸುತ್ತಿ ಫ್ರಿಜ್‌ನಲ್ಲಿಡಬೇಕು.

ದೊಡ್ಡ ಜಾಡಿಯ ಜೊತೆಗೆ ಅದೇ ಪಾಕದಿಂದ ಹತ್ತಾರು ಪುಟ್ಟ ಶೀಷೆಗಳನ್ನೂ ತುಂಬಿಡಬೇಕು. ಇವಕ್ಕೆ ಸೊನ್ನೆಯಿಂದ ಹತ್ತು ಗ್ರೇವರೆಗೆ ಗೊತ್ತಿರುವ ಡೋಸ್‌ಗಳನ್ನು ಕೊಟ್ಟು, ಯಾವ ಡೋಸ್‌ಗೆ ಎಷ್ಟು ಬದಲಾವಣೆ ಎಂಬ ಅಳತೆಪಟ್ಟಿ ಮಾಡಿಕೊಳ್ಳುತ್ತೇವೆ. ಪ್ರತಿ ಪಾಕಕ್ಕೂ ಹೊಸ ಪಟ್ಟಿ. ಹೋದ ತಿಂಗಳ ಪಟ್ಟಿಯನ್ನು ಈ ತಿಂಗಳ ಜೆಲ್‌ಗೆ ಹಚ್ಚುವವರನ್ನು ನಾನು ನಂಬುವುದಿಲ್ಲ.

ವಿಷವೇ?

ಹೌದು, ಮುಖ್ಯವಾಗಿ ಗಟ್ಟಿಯಾಗುವ ಮೊದಲು. ಅಕ್ರಿಲಮೈಡ್ ನರಗಳಿಗೆ ಹಾನಿ ಮಾಡುತ್ತದೆ, ಚರ್ಮದ ಮೂಲಕವೂ ದೇಹ ಸೇರುತ್ತದೆ. ಕ್ಯಾನ್ಸರ್ ತರುವ ಸಾಧ್ಯತೆಯಿರುವ ವಸ್ತುಗಳ ಪಟ್ಟಿಯಲ್ಲೂ ಇದೆ. ಪುಡಿ ತೂಗುವಾಗ ಗಾಳಿ ಹೀರುವ ಕಪಾಟು, ಕೈಗವಸು, ಮುಖಗವಸು ಕಡ್ಡಾಯ. ಈ ಕಾರಣಕ್ಕೇ 2006ರಿಂದ ನೈಪಾಮ್ ಎಂಬ ಕಡಿಮೆ ವಿಷದ ಮೊನೊಮರ್ ಬಳಕೆಗೆ ಬಂದಿದೆ. ಹೊಸದಾಗಿ ಶುರುಮಾಡುವವರಿಗೆ ನಾನು ಅದನ್ನೇ ಹೇಳುವುದು.

ವಿಕಿರಣ ಬಿದ್ದ ಜಾಡಿಯನ್ನು ಮುಟ್ಟಬಹುದೇ?

ಮುಟ್ಟಬಹುದು. ಸಾಮಾನ್ಯ 6 ಮೆಗಾವೋಲ್ಟ್ ಎಕ್ಸ್-ಕಿರಣ ಹಾಯ್ದ ಜೆಲ್ ವಿಕಿರಣಶೀಲವಾಗುವುದಿಲ್ಲ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯದಂತೆ.

ಎಂಆರ್‌ಐ ಯಂತ್ರ ಡೋಸನ್ನು ಓದುವುದು ಹೇಗೆ?

ಎಂಆರ್‌ಐ ನೋಡುವುದು ನೀರಿನ ಹೈಡ್ರೋಜನ್ ನ್ಯೂಕ್ಲಿಯಸ್‌ಗಳನ್ನು. ಅವನ್ನು ಒಟ್ಟಿಗೆ ತಿರುಗಿಸಿ ಬಿಟ್ಟಾಗ, ಅವುಗಳ ತಾಳ ನಿಧಾನವಾಗಿ ತಪ್ಪುತ್ತಾ ಸಂಕೇತ ಕುಂದುತ್ತದೆ. ಈ ಕುಂದುವ ಕಾಲಕ್ಕೆ ಟಿ2 ಎನ್ನುತ್ತೇವೆ. ಸ್ವಚ್ಛಂದವಾಗಿ ಓಡಾಡುವ ನೀರಿನಲ್ಲಿ ತಾಳ ಬಹಳ ಹೊತ್ತು ನಿಲ್ಲುತ್ತದೆ. ಪಾಲಿಮರ್ ಕಣಗಳ ಮೈಗಂಟಿ ಚಲನೆ ನಿಧಾನವಾದ ನೀರಿನಲ್ಲಿ ಬೇಗ ತಪ್ಪುತ್ತದೆ. ಟಿ2ರ ವಿಲೋಮವಾದ ಆರ್2 ಡೋಸ್ ಏರಿದಂತೆ ಏರುತ್ತದೆ. ಕೆಲವು ಗ್ರೇಗಳವರೆಗೆ ಈ ಏರಿಕೆ ಹೆಚ್ಚುಕಡಿಮೆ ನೇರಗೆರೆ, ಆಮೇಲೆ ಮೊನೊಮರ್ ಮುಗಿಯುತ್ತಾ ಬಂದು ಗೆರೆ ಬಾಗುತ್ತದೆ. ಶೀಷೆಗಳಿಂದ ಮಾಡಿದ ಪಟ್ಟಿಯನ್ನು ಬಳಸಿ ಜಾಡಿಯ ಪ್ರತಿ ಘನ ಮಿಲಿಮೀಟರ್‌ನ ಆರ್2ಅನ್ನು ಗ್ರೇಗೆ ಬದಲಿಸಿದರೆ ಡೋಸ್ ನಕ್ಷೆ ಸಿದ್ಧ.

ಹೇಳಿದಷ್ಟು ಸುಲಭವಿಲ್ಲ. ವಿಕಿರಣ ನಿಂತ ಮೇಲೂ ಸರಪಳಿಗಳು ಗಂಟೆಗಟ್ಟಲೆ ಬೆಳೆಯುತ್ತವೆ, ಆದ್ದರಿಂದ ಸಾಮಾನ್ಯವಾಗಿ ಒಂದು ದಿನ ಬಿಟ್ಟು ಸ್ಕ್ಯಾನ್ ಮಾಡುತ್ತೇವೆ. ಆರ್2 ಉಷ್ಣತೆಯ ಮಾತನ್ನೂ ಕೇಳುತ್ತದೆ. ಜಾಡಿಯ ಅಂಚು ಬೆಚ್ಚಗಾಗಿ ನಡುಭಾಗ ತಣ್ಣಗೇ ಇದ್ದರೆ ನಕ್ಷೆಯಲ್ಲಿ ಇಲ್ಲದ ಡೋಸ್ ಕಾಣಿಸಿಕೊಳ್ಳುತ್ತದೆ. ಹಿಂದಿನ ರಾತ್ರಿಯೇ ಜಾಡಿಯನ್ನು ಎಂಆರ್‌ಐ ಕೋಣೆಯಲ್ಲಿಟ್ಟು ಅಲ್ಲಿನ ಹವೆಗೆ ಒಗ್ಗಿಸಬೇಕು.

ಎಂಆರ್‌ಐ ಸಿಗದಿದ್ದರೆ?

ಬೆಳಕಿನಿಂದ ಓದಬಹುದು. ಗೋರ್ ಅವರ ತಂಡ 1996ರಲ್ಲಿ ತೋರಿಸಿದ ಆಪ್ಟಿಕಲ್ ಸಿಟಿ ಇದು: ಜಾಡಿಯನ್ನು ತಿರುಗಿಸುತ್ತಾ ಲೇಸರ್ ಕಿರಣ ಹಾಯಿಸಿ, ಎಷ್ಟು ಬೆಳಕು ಆಚೆ ಬಂತು ಎಂದು ಅಳೆದು, ಸಿಟಿ ಸ್ಕ್ಯಾನ್‌ನಂತೆಯೇ ಒಳಚಿತ್ರ ಕಟ್ಟುವುದು. ಜಾಡಿಯ ಗೋಡೆಯಲ್ಲಿ ಬೆಳಕು ಬಾಗದಿರಲೆಂದು ಅದೇ ವಕ್ರೀಭವನ ಸೂಚ್ಯಂಕದ ದ್ರವದಲ್ಲಿ ಮುಳುಗಿಸಿಡುತ್ತಾರೆ. ಉಪಕರಣ ಅಗ್ಗ, ಚಿತ್ರ ಸೂಕ್ಷ್ಮ. ಆದರೆ ಗಡ್ಡೆ ತೀರ ಬಿಳಿಯಾದರೆ ಬೆಳಕು ಚದುರಿ ಲೆಕ್ಕ ಕೆಡುತ್ತದೆ. ಸಾಧಾರಣ ಎಕ್ಸ್-ಕಿರಣ ಸಿಟಿಯಲ್ಲೂ ಓದಬಹುದು. ಪಾಲಿಮರ್ ಆದ ಕಡೆ ಸಾಂದ್ರತೆ ತುಸು ಏರಿರುತ್ತದೆ. ಆ ತುಸು ಎಷ್ಟು ಕಡಿಮೆಯೆಂದರೆ ಹತ್ತಾರು ಚಿತ್ರಗಳನ್ನು ಕೂಡಿಸಿ ಸರಾಸರಿ ತೆಗೆದರೆ ಮಾತ್ರ ಕಾಣುತ್ತದೆ. ಸಿಟಿ ಯಂತ್ರ ಪ್ರತಿ ವಿಕಿರಣ ವಿಭಾಗದಲ್ಲೂ ಇರುತ್ತದೆ ಎಂಬುದೇ ಅದರ ದೊಡ್ಡ ಗುಣ.

ಪ್ರೆಸೇಜ್, ಬಣ್ಣದ ಜೆಲ್ ಅಂತೆಲ್ಲ ಕೇಳಿದ್ದೇವೆ. ಅವೂ ಇದೇನಾ?

ಸೋದರಸಂಬಂಧಿಗಳು. ಪ್ರೆಸೇಜ್ ಎಂಬುದು ಪಾಲಿಯುರಿಥೇನ್ ಪ್ಲಾಸ್ಟಿಕ್ಕಿನ ಗಟ್ಟಿ ದಿಂಡು. ವಿಕಿರಣ ಬಿದ್ದಲ್ಲಿ ಒಳಗಿನ ಬಣ್ಣರಹಿತ ರಂಗು ಹಸಿರಾಗುತ್ತದೆ. ಪಾತ್ರೆ ಬೇಡ, ಆಮ್ಲಜನಕದ ಕಾಟವಿಲ್ಲ. ಕಬ್ಬಿಣದ ಲವಣದ ಫ್ರಿಕ್ ಜೆಲ್‌ಗೆ ಜೈಲಿನಾಲ್ ಆರೆಂಜ್ ಎಂಬ ಬಣ್ಣ ಬೆರೆಸಿದರೆ ವಿಕಿರಣ ಬಿದ್ದ ಕಡೆ ಕಿತ್ತಳೆ ಬಣ್ಣ ನೇರಳೆಗೆ ತಿರುಗುತ್ತದೆ. ನೋಡಲು ಚೆಂದ, ಬೇಗ ಓದಬೇಕು ಅಷ್ಟೇ.

ಜೆಲ್ ಹೇಳಿದ ಸಂಖ್ಯೆಯನ್ನು ಎಷ್ಟು ನಂಬಬಹುದು?

ಎಲ್ಲವನ್ನೂ ಜೋಪಾನವಾಗಿ ಮಾಡಿದಾಗ ಶೇ 3ರಿಂದ 5ರೊಳಗಿನ ನಿಖರತೆ ಸಿಗುತ್ತದೆ. ಜೋಪಾನ ಎಂಬ ಪದದಲ್ಲಿ ಎಷ್ಟೆಲ್ಲ ಅಡಗಿದೆ ಎನ್ನುವುದೇ ಕಥೆ.

ಮೊದಲನೆಯದು, ಪುಟ್ಟ ಶೀಷೆ ಮತ್ತು ದೊಡ್ಡ ಜಾಡಿ ಒಂದೇ ಪಾಕದವಾದರೂ ಒಂದೇ ಜೆಲ್ ಅಲ್ಲ. ಫ್ರಿಜ್‌ನಲ್ಲಿ ಶೀಷೆ ಬೇಗ ತಣಿಯುತ್ತದೆ, ಜಾಡಿಯ ಒಡಲು ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಈ ಉಷ್ಣತೆಯ ಚರಿತ್ರೆಯನ್ನು ಜೆಲಾಟಿನ್ ಮರೆಯುವುದಿಲ್ಲ. ಶೀಷೆಯ ಪಟ್ಟಿ ಜಾಡಿಗೆ ಸರಿಯಾಗಿ ಕೂರುವುದಿಲ್ಲ. ಬೆಲ್ಜಿಯಂನ ಗೆಂಟ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಈವ್ಸ್ ಡಿ ಡೀನ್ ಮತ್ತು ಜೊತೆಗಾರರು ಇಂಥ ತಪ್ಪುಗಳ ಮೂಲಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸಿದ್ದಾರೆ. ಎರಡನೆಯದು ಅಂಚಿನ ಸಮಸ್ಯೆ. ಡೋಸ್ ಕಡಿದಾಗಿ ಇಳಿಯುವ ಕಡೆ, ಬಳಕೆಯಾಗದ ಮೊನೊಮರ್‌ಗಳು ಕಡಿಮೆ ಡೋಸಿನ ಕಡೆಯಿಂದ ಹೆಚ್ಚು ಡೋಸಿನ ಕಡೆಗೆ ಹರಿದುಬಂದು ಅಲ್ಲಿನ ಸರಪಳಿಗೆ ಸೇರಿಕೊಳ್ಳುತ್ತವೆ. ಅಂಚಿನಲ್ಲಿ ಸುಳ್ಳು ಏರು ಕಾಣುತ್ತದೆ. ನಮಗೆ ಬೇಕಾದದ್ದೇ ಅಂಚು, ಜೆಲ್ ತಡವರಿಸುವುದೂ ಅಲ್ಲಿಯೇ. ಮೂರನೆಯದು, ಕೆಲವು ಜೆಲ್‌ಗಳು ಡೋಸ್ ಎಷ್ಟು ಬಿತ್ತು ಎಂಬುದರ ಜೊತೆಗೆ ಎಷ್ಟು ವೇಗವಾಗಿ ಬಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಈ ಎಲ್ಲ ಕಾರಣಗಳಿಂದ ನಾನು ಜೆಲ್‌ನಿಂದ ಒಟ್ಟು ಡೋಸ್ ಎಷ್ಟು ಎಂದು ಕೇಳುವುದಿಲ್ಲ. ಅದಕ್ಕೆ ಅಯಾನ್ ಚೇಂಬರ್ ಇದೆ. ಚೇಂಬರ್ ಹೇಳಿದ ಒಂದು ಬಿಂದುವಿಗೆ ನಕ್ಷೆಯನ್ನು ಹೊಂದಿಸಿಕೊಂಡು, ಜೆಲ್‌ನಿಂದ ಆಕಾರವನ್ನು ಕೇಳುತ್ತೇನೆ. ಎಲ್ಲಿ ಎಂಬ ಪ್ರಶ್ನೆಗೆ ಅದು ಕೊಡುವಷ್ಟು ಪೂರ್ತಿ ಉತ್ತರವನ್ನು ಬೇರಾವ ಉಪಕರಣವೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಗಾಮಾ ಸೂಚ್ಯಂಕ ಶೇ 95 ಬಂದರೆ ಪಾಸ್ ಎನ್ನುತ್ತಾರಲ್ಲ?

ಯೋಜನೆಯ ಡೋಸ್ ಮತ್ತು ಅಳೆದ ಡೋಸ್ ಎರಡನ್ನೂ ಹೋಲಿಸುವ ಒಂದು ದಾರಿ ಅದು; 1998ರಲ್ಲಿ ಡೇನಿಯಲ್ ಲೋ ಮತ್ತು ಸಂಗಡಿಗರು ಮುಂದಿಟ್ಟದ್ದು. ಪ್ರತಿ ಬಿಂದುವಿಗೂ ಡೋಸ್‌ನಲ್ಲಿ ಇಷ್ಟು, ದೂರದಲ್ಲಿ ಇಷ್ಟು ಎಂದು ರಿಯಾಯಿತಿ ಕೊಟ್ಟು ನೋಡುತ್ತದೆ. ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಶೇ 3 ಮತ್ತು 2 ಮಿಲಿಮೀಟರ್ ರಿಯಾಯಿತಿಯಲ್ಲಿ ಶೇ 95 ಬಿಂದುಗಳಾದರೂ ತೇರ್ಗಡೆಯಾಗಲಿ ಎನ್ನುತ್ತದೆ.

ಉಳಿದ ಶೇ 5 ಎಲ್ಲಿವೆ ಎಂಬುದು ನನ್ನ ತಕರಾರು. ಅವು ತೊಡೆಯ ಸ್ನಾಯುವಿನಲ್ಲಿ ಚದುರಿದ್ದರೆ ನಿದ್ದೆ ಬರುತ್ತದೆ. ಎಲ್ಲವೂ ಗುಂಪಾಗಿ ಬೆನ್ನುಹುರಿಯ ಮೇಲೆ ಕೂತಿದ್ದರೆ? ಪ್ರತಿಶತದ ಅಂಕಿ ಎರಡಕ್ಕೂ ಒಂದೇ. ನನ್ನ ಮೇಜಿನ ಮೇಲಿನ ಜಾಡಿಯ ಕಥೆಯೂ ಇದೇ. ಅದರ ಯೋಜನೆ ಡಯೋಡ್ ಉಪಕರಣದಲ್ಲಿ ಸಲೀಸಾಗಿ ತೇರ್ಗಡೆಯಾಗಿತ್ತು. ಜೆಲ್‌ನಲ್ಲಿ ನೋಡಿದರೆ ಗೋಡಂಬಿಯ ಒಳಬಾಗು ಯೋಜನೆಯಲ್ಲಿದ್ದಷ್ಟು ಆಳವಾಗಿರಲಿಲ್ಲ. ಎಲೆಗಳ ಸಂದಿನಿಂದ ಸೋರುವ ವಿಕಿರಣಕ್ಕೆ ಯೋಜನಾ ಕಂಪ್ಯೂಟರಿನಲ್ಲಿ ಕೊಟ್ಟಿದ್ದ ಸಂಖ್ಯೆ ತುಸು ಕಡಿಮೆಯಿತ್ತು. ತಿದ್ದಿದೆವು. ಅದು ಪರೀಕ್ಷಾ ಯೋಜನೆ, ರೋಗಿಯದಲ್ಲ.

ಯಾವ ಚಿಕಿತ್ಸೆಗಳಿಗೆ ಇದು ಹೆಚ್ಚು ಉಪಯೋಗ?

ಮಿದುಳಿನ ಹಲವು ಪುಟ್ಟ ಗಂತಿಗಳಿಗೆ ಒಂದೇ ಸಲ ಚಿಕಿತ್ಸೆ ಕೊಡುವ ರೇಡಿಯೋಸರ್ಜರಿಗೆ. ತಲೆ ಒಂದು ಡಿಗ್ರಿ ತಿರುಗಿದರೂ ಕೇಂದ್ರದಿಂದ 6 ಸೆಂಟಿಮೀಟರ್ ಆಚೆಯ ಗಂತಿ ಒಂದು ಮಿಲಿಮೀಟರ್ ಜರುಗುತ್ತದೆ. ಗಂತಿಯೇ ಐದಾರು ಮಿಲಿಮೀಟರ್ ಇರುವಾಗ ಇದು ಸಣ್ಣದಲ್ಲ. ತಲೆಬುರುಡೆಯ ಆಕಾರವನ್ನು ತ್ರೀಡಿ ಮುದ್ರಣದಲ್ಲಿ ತೆಗೆದು, ಒಳಗೆ ಜೆಲ್ ತುಂಬಿ, ಸಿಟಿಯಿಂದ ಹಿಡಿದು ಚಿಕಿತ್ಸೆಯವರೆಗೆ ರೋಗಿಯಂತೆಯೇ ಎಲ್ಲ ಹಂತ ದಾಟಿಸಿದರೆ ಎಲ್ಲ ಗಂತಿಗಳ ಲೆಕ್ಕವೂ ಒಂದೇ ಜಾಡಿಯಲ್ಲಿ ಸಿಗುತ್ತದೆ.

ಎಂಆರ್‌ಐ ಮತ್ತು ಲಿನಾಕ್ (ಚಿಕಿತ್ಸೆಯ ವಿಕಿರಣ ಹಾಯಿಸುವ ಯಂತ್ರ) ಒಂದರಲ್ಲೇ ಸೇರಿರುವ ಹೊಸ ಉಪಕರಣಗಳಿಗೆ ಜೆಲ್ ಇನ್ನೂ ಹೇಳಿ ಮಾಡಿಸಿದಂತಿದೆ. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳ ದಾರಿ ಬಾಗಿ ಡೋಸ್ ಆಕಾರವೇ ಬದಲಾಗುತ್ತದೆ. ಅದನ್ನು ಅಳೆದ ಜೆಲ್‌ಅನ್ನು ಮಂಚದಿಂದ ಎತ್ತದೆ ಅಲ್ಲೇ ಓದಲೂಬಹುದು.

ಪ್ರೋಟಾನ್ ಚಿಕಿತ್ಸೆಗೆ?

ಅಲ್ಲಿ ಜೆಲ್ ಕಡಿಮೆ ಹೇಳುತ್ತದೆ. ಪ್ರೋಟಾನ್ ತನ್ನ ದಾರಿಯ ಕೊನೆಯಲ್ಲಿ, ಬ್ರ್ಯಾಗ್ ಶಿಖರ ಎನ್ನುವ ಕಡೆ, ರಾಡಿಕಲ್‌ಗಳನ್ನು ಎಷ್ಟು ಒತ್ತೊತ್ತಾಗಿ ಹುಟ್ಟಿಸುತ್ತದೆಂದರೆ ಅವು ಮೊನೊಮರ್ ಹುಡುಕುವ ಮೊದಲೇ ತಮ್ಮತಮ್ಮಲ್ಲೇ ಜೋಡಿಯಾಗಿಬಿಡುತ್ತವೆ. ಡೋಸ್ ಹೆಚ್ಚಿದ್ದರೂ ಪಾಲಿಮರ್ ಕಡಿಮೆ. ತಿದ್ದುಪಡಿ ಮಾಡಬಹುದು, ಆದರೆ ಅದು ಬೇರೆಯದೇ ಕಸರತ್ತು.

ಹಾಗಿದ್ದರೆ ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ರೋಗಿಗೂ ಏಕೆ ಮಾಡುವುದಿಲ್ಲ?

ಜೆಲ್ ಮಾಡಲು ಒಂದು ದಿನ, ಕಿರಣ ಹಾಯಿಸಿ ಕಾಯಲು ಒಂದು ದಿನ, ಓದಿ ಲೆಕ್ಕ ಹಾಕಲು ಇನ್ನೊಂದು ದಿನ. ಎಂಆರ್‌ಐ ಮುಂದೆ ರೋಗಿಗಳ ಸಾಲು ಇರುವಾಗ ಜಾಡಿಗೆ ಜಾಗ ಕೊಡಿ ಎಂದು ಕೇಳಲು ನನಗೇ ಸಂಕೋಚ; ರಾತ್ರಿ ಹತ್ತರ ಮೇಲೆ ಹೋಗುತ್ತೇನೆ. ಎಲ್ಲ ಚಿಕಿತ್ಸೆಗೂ ಇದು ಬೇಕಾಗಿಯೂ ಇಲ್ಲ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರೂಪಿಸಿದ, ಬೆಂಗಳೂರಿನ ಪ್ಯಾನೇಸಿಯಾ ಕಂಪನಿ ತಯಾರಿಸುವ ಭಾಭಾಟ್ರಾನ್ ಕೋಬಾಲ್ಟ್ ಯಂತ್ರದಲ್ಲಿ ಸರಳ ಕ್ಷೇತ್ರದ ಚಿಕಿತ್ಸೆ ಕೊಡುವಾಗ ಚೇಂಬರ್ ಮತ್ತು ಫಿಲ್ಮ್ ಧಾರಾಳ ಸಾಕು. ಹೊಸ ಯಂತ್ರ ಬಂದಾಗ, ಹೊಸ ವಿಧಾನ ಶುರುಮಾಡುವಾಗ, ಲೆಕ್ಕ ಹಾಕುವ ಸಾಫ್ಟ್‌ವೇರ್ ಬದಲಾದಾಗ ಜೆಲ್ ತೆಗೆಯಿರಿ. ವರ್ಷಕ್ಕೆ ಮೂರು ನಾಲ್ಕು ಬಾರಿ ಶ್ರದ್ಧೆಯಿಂದ ಮಾಡಿದ್ದು ವಾರಕ್ಕೊಮ್ಮೆ ಅವಸರದಲ್ಲಿ ಮಾಡಿದ್ದಕ್ಕಿಂತ ಮೇಲು.

ಬಳಸಿದ ಜೆಲ್‌ಅನ್ನು ಕರಗಿಸಿ ಮತ್ತೆ ಬಳಸಬಹುದೇ?

ಇಲ್ಲ. ಮೊಸರನ್ನು ಮತ್ತೆ ಹಾಲು ಮಾಡಲಾಗುವುದಿಲ್ಲ.

ನಿಮ್ಮ ಮೇಜಿನ ಮೇಲಿನ ಜಾಡಿಯ ಅಳತೆ ಈಗಲೂ ಸರಿಯಿದೆಯೇ?

ಇಲ್ಲ. ಓದಿದ್ದು ಕಿರಣ ಹಾಯಿಸಿದ ಮರುದಿನ, ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿದೆ. ಜಾಡಿ ಆಮೇಲೆ ಕಿಟಕಿಯ ಬೆಳಕು ಕುಡಿದಿದೆ, ಮುಚ್ಚಳದ ಬಳಿ ಸ್ವಲ್ಪ ಒಣಗಿ ಗೋಡೆ ಬಿಟ್ಟಿದೆ, ತಿಳಿಯಾಗಿದ್ದ ಭಾಗಕ್ಕೆ ಮಂಜು ಕವಿದಿದೆ. ಬೆನ್ನುಹುರಿಯ ಬಾಗು ಮಾತ್ರ ಇನ್ನೂ ಕಾಣುತ್ತದೆ. ಮುಚ್ಚಳ ತೆಗೆಯಬೇಡಿ, ಒಳಗೆ ಬೆಸೆಯದೆ ಉಳಿದ ಅಕ್ರಿಲಮೈಡ್ ಇದೆ.